ಕಾಲೂರುವ ದಿನ: ಅಂಜಿಕೆಯೂ ಸಲ್ಲದು, ಅವಸರವೂ ಸಲ್ಲದು

ಸುಳ್ಯ ತಾಲೂಕಿನ ಐವರ್ನಾಡು, ಬೆಳ್ಳಾರೆಯ ಆಸುಪಾಸಿನ ಊರುಗಳಲ್ಲಿ ಮುಂಗಾರು ಮಳೆ ಹಿಡಿಯಿತೆಂದರೆ ಅಪಾಯವು ಕಾಲಡಿಯಲ್ಲಿಯೇ ಕಾದಿರುತ್ತದೆ. ಮುರಕಲ್ಲಿನ ಮೆಟ್ಟಿಲುಗಳ ಮೇಲೆ ಪಾಚಿ ಕಟ್ಟುತ್ತದೆ. ತೋಡಿಗೆ ಅಡ್ಡಲಾಗಿ ಹಾಸಿದ ಅಡಿಕೆ ಮರದ ಸಂಕ ಜಾರುತ್ತದೆ. ಕೊಳೆರೋಗ ತಗಲದಂತೆ ಬೋರ್ಡೋ ದ್ರಾವಣ ಸಿಂಪಡಿಸಲು ತೋಟದವರು ಮರವೇರಬೇಕಾದ ಕಾಲವೂ ಅದೇ. ರಬ್ಬರ್ ತೋಟದ ಇಳಿಜಾರಿನಲ್ಲಿ ಮುಂಜಾವದ ಮಬ್ಬಿನಲ್ಲಿ ಹೆಜ್ಜೆಯಿಡುವವರಿಗೂ, ತಿರುವು ರಸ್ತೆಯಲ್ಲಿ ಬೈಕ್ ಓಡಿಸುವವರಿಗೂ ಇದೇ ಭಯ. ಬಯಲುಸೀಮೆಯ ಸದ್ಭಕ್ತರಿಗೆ ಅಡಿಕೆ ಮರದ ಪರಿಚಯ ಇಲ್ಲದಿರಬಹುದು. ಆದರೆ ಬಚ್ಚಲಿನಲ್ಲಿ ಜಾರಿ ಬಿದ್ದ ಅಜ್ಜಿಯನ್ನು, ಟ್ರ್ಯಾಕ್ಟರಿನಿಂದ ಉರುಳಿದ ರೈತನನ್ನು ಕಾಣದ ಊರು ನಾಡಿನಲ್ಲಿ ಯಾವುದೂ ಇಲ್ಲ.

ಕಾಲು ಮುರಿದ ಮೇಲೆ ಶಸ್ತ್ರಚಿಕಿತ್ಸೆಗೆ ಅಲೆಯಬೇಕಾದ ಕಾಲವೊಂದಿತ್ತು. ಇಂದು ಹಾಗಿಲ್ಲ. ಸುಳ್ಯದಲ್ಲಿಯೇ ಕೆ.ವಿ.ಜಿ. ವೈದ್ಯಕೀಯ ಮಹಾವಿದ್ಯಾಲಯವಿದೆ. ಪುತ್ತೂರಿನಲ್ಲಿ ಆಸ್ಪತ್ರೆಗಳಿವೆ. ಮಂಗಳೂರಿನಲ್ಲಿ 1848ರಲ್ಲಿ ಆರಂಭವಾದ ವೆನ್‌ಲಾಕ್ ಜಿಲ್ಲಾಸ್ಪತ್ರೆಯಿದೆ. ಸರಳು ತೂರಿಸಿ, ಫಲಕ ಬಿಗಿದು, ಮುರಿದ ಎಲುಬನ್ನು ಸ್ವಸ್ಥಾನದಲ್ಲಿ ನಿಲ್ಲಿಸುವ ಕೌಶಲ ನಮ್ಮ ಬಾಗಿಲಿಗೆ ಬಂದಿದೆ. ಆದರೆ ರೋಗಿ ಮನೆಗೆ ಮರಳಿದ ಮರುದಿನದಿಂದ ನಿಜವಾದ ಗೊಂದಲ ಮೊದಲಾಗುತ್ತದೆ. "ಕಾಲನ್ನು ನೆಲಕ್ಕೆ ಊರುವುದು ಯಾವಾಗ?" ಎಂಬ ಪ್ರಶ್ನೆಗೆ ನೋಡಲು ಬಂದ ನೆಂಟರು ತಲೆಗೊಂದು ಉತ್ತರ ಕೊಡುತ್ತಾರೆ. ಮೂರು ತಿಂಗಳು ಅಲುಗಾಡಬೇಡಿ ಎಂದು ಒಬ್ಬರು, ನಮ್ಮ ಭಾವ ಹದಿನೈದನೆಯ ದಿನಕ್ಕೇ ಪೇಟೆಗೆ ಹೋಗಿದ್ದರು ಎಂದು ಇನ್ನೊಬ್ಬರು. ಇವೆರಡೂ ನಿಜವಾಗಿರಬಹುದು, ಆದರೆ ಎರಡೂ ಈ ರೋಗಿಗೆ ಸಂಬಂಧಿಸದೆ ಇರಬಹುದು.

ಈ ಲೇಖನದ ಅಭಿಪ್ರಾಯ ಇಷ್ಟೇ: ಕಾಲೂರುವ ದಿನವನ್ನು ಪಂಚಾಂಗದ ತಿಥಿಯಾಗಲಿ, ಪಕ್ಕದ ಮನೆಯವರ ಅನುಭವವಾಗಲಿ ನಿರ್ಣಯಿಸಬಾರದು. ಯಾವ ಎಲುಬು, ಎಲ್ಲಿ ಮುರಿದಿದೆ, ಅದನ್ನು ಯಾವುದರಿಂದ ಬಿಗಿದಿದ್ದಾರೆ, ರೋಗಿಯ ಶರೀರ ಹೇಗಿದೆ ಎಂಬ ನಾಲ್ಕು ಸಂಗತಿಗಳಿಂದ ಅದು ನಿರ್ಣಯವಾಗಬೇಕು. ಆ ನಿರ್ಣಯವು ಆಸ್ಪತ್ರೆಯಿಂದ ಬಿಡುಗಡೆಯಾಗುವ ಮೊದಲೇ, ರೋಗಿಯ ಮನೆಯವರಿಗೆ ತಿಳಿಯುವ ಭಾಷೆಯಲ್ಲಿ, ಬರಹದಲ್ಲಿ ಕೈಸೇರಬೇಕು. ಇದು ದೊರೆಯದೆ ಹೋದಾಗ ವೃದ್ಧರು ಅಂಜಿಕೆಯಿಂದ ಹಾಸಿಗೆ ಹಿಡಿಯುತ್ತಾರೆ; ದುಡಿಯುವವರು ಅವಸರದಿಂದ ಜೋಡಿಸಿದ ಕಾಲನ್ನು ಮತ್ತೆ ಕೆಡಿಸಿಕೊಳ್ಳುತ್ತಾರೆ.

ಎಲುಬು ಬೆಸೆಯುವ ಬಗೆ

ಶಸ್ತ್ರಚಿಕಿತ್ಸೆಯಿಂದ ಎಲುಬು ಕೂಡಿಕೊಂಡಿತೆಂಬ ಭಾವನೆ ಬಹುಜನರಲ್ಲಿದೆ. ಇದು ಸರಿಯಲ್ಲ. ವೈದ್ಯರು ಮಾಡುವುದು ಮುರಿದ ತುದಿಗಳನ್ನು ಎದುರುಬದುರಾಗಿ ಹಿಡಿದು ನಿಲ್ಲಿಸುವ ಕೆಲಸ. ಬೆಸೆಯುವ ಕೆಲಸವನ್ನು ಶರೀರವೇ ಮಾಡಬೇಕು. ಮೊದಲು ಮುರಿದೆಡೆಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಕೆಲವು ವಾರಗಳಲ್ಲಿ ಅಲ್ಲಿ ಮೆತ್ತನೆಯ ಬೆಸುಗೆ ಮೂಡುತ್ತದೆ. ಅದರಲ್ಲಿ ಸುಣ್ಣದ ಅಂಶ ಸೇರಿ ಗಟ್ಟಿಯಾಗುತ್ತದೆ. ತೊಡೆಯ ಅಥವಾ ಮೊಣಕಾಲಿನ ಕೆಳಗಿನ ಉದ್ದ ಎಲುಬಿನ ನಡುಭಾಗ ಮುರಿದಿದ್ದರೆ, ಪೂರ್ತಿ ಬೆಸೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು ಬೇಕಾಗುತ್ತದೆ. ಆ ಬಳಿಕವೂ ಎಲುಬು ತನ್ನ ಆಕಾರವನ್ನು ತಿದ್ದಿಕೊಳ್ಳುತ್ತಲೇ ಇರುತ್ತದೆ.

ಹಾಗಾದರೆ ಪೂರ್ತಿ ಬೆಸೆಯುವವರೆಗೆ ಕಾಲೂರಬಾರದೆ? ಇಲ್ಲಿಯೇ ಒಂದು ಸೂಕ್ಷ್ಮವಿದೆ. ಎಲುಬು ಕಲ್ಲಿನಂತೆ ಜಡವಲ್ಲ. ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ಬಲಗೊಳ್ಳುವ, ಭಾರವಿಲ್ಲದಿದ್ದರೆ ಸೊರಗುವ ಜೀವಂತ ಅಂಗವದು. ಜರ್ಮನಿಯ ವೈದ್ಯ ಜೂಲಿಯಸ್ ವೂಲ್ಫ್ 1892ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ತತ್ತ್ವವನ್ನು ವಿವರಿಸಿದನು. 1939ರಲ್ಲಿ ಅದೇ ದೇಶದ ಗೆರ್ಹಾರ್ಡ್ ಕುಂಟ್ಷರ್ ಎಂಬ ಶಸ್ತ್ರವೈದ್ಯನು ತೊಡೆಮೂಳೆಯ ಒಳಗಣ ಪೊಳ್ಳಿನಲ್ಲಿ ಉಕ್ಕಿನ ಸರಳನ್ನು ತೂರಿಸಿ ಮುರಿತವನ್ನು ನಿಲ್ಲಿಸುವ ವಿಧಾನವನ್ನು ಆರಂಭಿಸಿದನು. ಅದಕ್ಕೂ ಮೊದಲು ತೊಡೆ ಮುರಿದವರು ಕಾಲಿಗೆ ತೂಕ ಕಟ್ಟಿಸಿಕೊಂಡು ತಿಂಗಳುಗಟ್ಟಲೆ ಮಂಚದಲ್ಲಿ ಮಲಗಬೇಕಾಗಿತ್ತು. ಸರಳಿನ ಹಿರಿದಾದ ಉಪಕಾರವೆಂದರೆ ಮುರಿದವನನ್ನು ಬೇಗ ಎಬ್ಬಿಸಿ ನಿಲ್ಲಿಸಿದ್ದು. ಅಂದರೆ ರೋಗಿ ಬೇಗ ಏಳಲೆಂಬುದೇ ಶಸ್ತ್ರಚಿಕಿತ್ಸೆಯ ಮುಖ್ಯ ಉದ್ದೇಶ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೂ ಹಳೆಯ ಕಾಲದವರಂತೆ ಮಲಗಿಯೇ ಇದ್ದರೆ, ಹಣವನ್ನೂ ನೋವನ್ನೂ ಕೊಟ್ಟು ಪಡೆದ ಫಲವನ್ನು ಅರ್ಧಕ್ಕೆ ಬಿಟ್ಟಂತಾಗುತ್ತದೆ.

ಆದರೆ ಲೋಹಕ್ಕೂ ಮಿತಿಯಿದೆ. ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ಒಂದು ಹೊತ್ತಿನಲ್ಲಿ ತುಂಡಾಗುವಂತೆ, ಎಲುಬು ಬೆಸೆಯದೆ ಹೋದರೆ ದಿನವೂ ಭಾರ ಹೊರುವ ಸರಳೋ ಫಲಕವೋ ದಣಿದು ಮುರಿಯಬಲ್ಲದು. ಎಲುಬು ಬೆಸೆಯುವುದಕ್ಕೂ ಲೋಹ ದಣಿಯುವುದಕ್ಕೂ ನಡುವೆ ಒಂದು ಓಟವಿದೆ. ಆ ಓಟದಲ್ಲಿ ಎಲುಬು ಗೆಲ್ಲಬೇಕು. ವೈದ್ಯರು ಕಾಲೂರುವ ಕಾಲವನ್ನು ಹೇಳುವಾಗ ಮನಸ್ಸಿನಲ್ಲಿ ಮಾಡುವ ಲೆಕ್ಕ ಇದೇ.

ಎಲ್ಲ ಮುರಿತವೂ ಒಂದಲ್ಲ

ಸೊಂಟದ ಕೀಲಿನ ಬಳಿ ತೊಡೆಮೂಳೆ ಮುರಿದ ವೃದ್ಧರಿಗೆ ಕೃತಕ ಕೀಲನ್ನೋ ಸರಳನ್ನೋ ಅಳವಡಿಸಿದ್ದರೆ, ಬಹುಪಾಲು ಸಂದರ್ಭಗಳಲ್ಲಿ ಮರುದಿನವೇ ಎಬ್ಬಿಸಿ, ವಾಕರ್ ಹಿಡಿಸಿ, ಪೂರ್ತಿ ಭಾರ ಹಾಕಿಸಿಯೇ ನಿಲ್ಲಿಸುತ್ತಾರೆ. ಕೃತಕ ಕೀಲಿನಲ್ಲಿ ಬೆಸೆಯಬೇಕಾದ ಮುರಿತವೇ ಉಳಿದಿರುವುದಿಲ್ಲ. ತೊಡೆಯ ಅಥವಾ ಮುಂಗಾಲಿನ ಎಲುಬಿನ ನಡುಭಾಗಕ್ಕೆ ಒಳಸರಳು ಹಾಕಿದ್ದರೆ, ತುದಿಗಳು ಚೆನ್ನಾಗಿ ಕೂಡಿಕೊಂಡಿದ್ದಲ್ಲಿ, ನೋವು ತಾಳುವಷ್ಟು ಭಾರವನ್ನು ಆರಂಭದಿಂದಲೇ ಹಾಕಲು ಸಾಮಾನ್ಯವಾಗಿ ಅನುಮತಿ ದೊರೆಯುತ್ತದೆ. ಸರಳು ಎಲುಬಿನ ನಡುವಿನಲ್ಲೇ ಇರುವುದರಿಂದ ಭಾರವನ್ನು ಎಲುಬಿನೊಡನೆ ಹಂಚಿಕೊಳ್ಳುತ್ತದೆ.

ಕೀಲಿನ ಮೇಲ್ಮೈಯೇ ಒಡೆದಾಗ ಲೆಕ್ಕ ಬೇರೆಯಾಗುತ್ತದೆ. ಮೊಣಕಾಲಿನ ಕೆಳಗೆ ಎಲುಬಿನ ತಲೆಭಾಗ ಕುಸಿದು ಅದನ್ನು ಎತ್ತಿ ಫಲಕದಿಂದ ಬಿಗಿದಿದ್ದರೆ, ಆರರಿಂದ ಹನ್ನೆರಡು ವಾರಗಳವರೆಗೆ ಭಾರವನ್ನು ತಡೆಹಿಡಿಯುವುದು ರೂಢಿ. ಕಾಲ್ಗಿಣ್ಣಿನ ಮೇಲ್ಭಾಗದ ಎಲುಬು ಕೀಲಿನೊಳಗೆ ನುಚ್ಚಾಗಿದ್ದರೆ, ಎತ್ತರದಿಂದ ಬಿದ್ದವರಲ್ಲಿ ಕಾಣುವಂತೆ ಹಿಮ್ಮಡಿಯ ಎಲುಬು ಒಡೆದಿದ್ದರೆ, ಕಾಯುವ ಅವಧಿ ಎರಡೂವರೆ ಮೂರು ತಿಂಗಳಿಗೂ ಹೋಗಬಹುದು. ಕಾರಣವಿಷ್ಟೇ: ಅಲ್ಲಿನ ಎಲುಬು ಒಳಗೆ ಸ್ಪಂಜಿನಂತಿರುತ್ತದೆ, ಬೇಗ ಭಾರ ಬಿದ್ದರೆ ಮತ್ತೆ ಕುಸಿಯುತ್ತದೆ. ಕೀಲಿನ ಮೇಲ್ಮೈ ಏರುಪೇರಾದರೆ ಮುಂದೆ ಸಂಧಿವಾತ ತಪ್ಪಿದ್ದಲ್ಲ. ಯುವಕರ ತೊಡೆಮೂಳೆಯ ಕತ್ತು ಮುರಿದು, ಅದನ್ನು ಉಳಿಸಿಕೊಳ್ಳಲು ಸ್ಕ್ರೂ ಹಾಕಿದ್ದರೆ, ಅಲ್ಲಿಯೂ ಕೆಲವು ವಾರಗಳ ಎಚ್ಚರಿಕೆ ಬೇಕಾಗುತ್ತದೆ. ಅದೇ ಜಾಗದಲ್ಲಿ ಮುರಿದ ಅಜ್ಜ ಮರುದಿನವೇ ನಡೆದಿದ್ದನ್ನು ಕಂಡು ಮೊಮ್ಮಗ ಹಾಗೆಯೇ ಮಾಡಿದರೆ ಕೆಡುಕಾದೀತು.

ಸಾಮಾನ್ಯವಾದ ಕಾಲ್ಗಿಣ್ಣಿನ ಮುರಿತಕ್ಕೆ ಶಸ್ತ್ರಚಿಕಿತ್ಸೆಯಾದ ಮೇಲೆ ಆರು ವಾರ ಕಾಲೂರಬಾರದೆಂಬುದು ಹಲವೆಡೆ ಬಹುಕಾಲದ ಪದ್ಧತಿ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ 480 ಮಂದಿ ವಯಸ್ಕರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರಿಗೆ ಎರಡನೆಯ ವಾರದಿಂದ, ಇನ್ನೊಂದು ಗುಂಪಿನವರಿಗೆ ಆರನೆಯ ವಾರದಿಂದ ಕಾಲೂರಲು ಹೇಳಿ ಪರೀಕ್ಷಿಸಿದರು. ಎರಡನೆಯ ವಾರದಿಂದ ನಡೆದವರು ಹಿಂದೆ ಬೀಳಲಿಲ್ಲವೆಂದು 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಈ ಅಧ್ಯಯನ ಪ್ರಕಟವಾಯಿತು. ಆದರೆ ನರದೌರ್ಬಲ್ಯದಿಂದ ಪಾದದ ಸ್ಪರ್ಶಜ್ಞಾನ ಕಳೆದುಕೊಂಡವರನ್ನು ಈ ಅಧ್ಯಯನದಲ್ಲಿ ಸೇರಿಸಿರಲಿಲ್ಲ. ಬಹುಕಾಲದ ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿರುವವರು ಇದನ್ನು ಮುಖ್ಯವಾಗಿ ಗಮನಿಸಬೇಕು. ನೋವೆಂಬುದು ದೇಹದ ಕಾವಲುಗಾರ. ಅವರಲ್ಲಿ ಆ ಕಾವಲುಗಾರನೇ ನಿದ್ರಿಸಿರುತ್ತಾನೆ. ಒಳಗೆ ಎಲುಬು ಸರಿಯುತ್ತಿದ್ದರೂ ಅವರಿಗೆ ತಿಳಿಯುವುದಿಲ್ಲ. ಆದ್ದರಿಂದ ಅಂಥವರಿಗೆ ವೈದ್ಯರು ಇತರರಿಗಿಂತ ಹೆಚ್ಚು ಕಾಲ, ಕೆಲವೊಮ್ಮೆ ಇಮ್ಮಡಿ ಕಾಲ, ಕಾಯಲು ಹೇಳುತ್ತಾರೆ.

ಹಾಸಿಗೆಯೆಂಬ ಅಪಾಯ

ವಯಸ್ಸಾದವರ ವಿಷಯದಲ್ಲಿ ನಮ್ಮ ಮನೆಗಳು ತೋರುವ ಅಕ್ಕರೆಯೇ ಅನೇಕ ವೇಳೆ ಅವರಿಗೆ ಮುಳುವಾಗುತ್ತದೆ. "ಅವ್ವಾ, ನೀವು ಏಳಬೇಡಿ, ಎಲ್ಲವೂ ಮಂಚಕ್ಕೇ ಬರುತ್ತದೆ" ಎಂಬ ಮಾತು ಮಗ ಸೊಸೆಯರ ಪ್ರೀತಿಯಿಂದ ಹುಟ್ಟಿದ್ದು. ಆದರೆ ಮಂಚದಲ್ಲಿಯೇ ಉಳಿದ ವೃದ್ಧರ ಕಾಲಿನ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ. ಕಫ ಕಟ್ಟಿ ನ್ಯುಮೋನಿಯಾ ಬರಬಹುದು. ಬೆನ್ನಿನ ಕೆಳಗೆ, ಹಿಮ್ಮಡಿಯಲ್ಲಿ ಹಾಸಿಗೆ ಹುಣ್ಣು ಮೂಡಬಹುದು. ಮಾಂಸಖಂಡಗಳು ಕರಗುತ್ತವೆ. 2007ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಯಾವ ರೋಗವೂ ಇಲ್ಲದ ಹಿರಿಯರನ್ನು ಕೇವಲ ಹತ್ತು ದಿನ ಹಾಸಿಗೆಯಲ್ಲಿ ಇರಿಸಲಾಯಿತು. ಅಷ್ಟರಲ್ಲಿಯೇ ಅವರ ಕಾಲುಗಳ ಮಾಂಸ ಸುಮಾರು ಒಂದು ಕಿಲೋದಷ್ಟು ಇಳಿದಿತ್ತು. ಆರೋಗ್ಯವಂತರ ಗತಿಯೇ ಹೀಗಾದರೆ, ಮುರಿತದ ನೋವು, ಶಸ್ತ್ರಚಿಕಿತ್ಸೆಯ ಆಯಾಸ, ಊಟ ಸೇರದಿರುವುದು ಇವೆಲ್ಲ ಕೂಡಿದ ಎಪ್ಪತ್ತೈದರ ಅಜ್ಜಿಯ ಸ್ಥಿತಿಯನ್ನು ಊಹಿಸಬಹುದು. ಮೂರು ತಿಂಗಳ ತರುವಾಯ ಎಲುಬು ಕೂಡಿರುತ್ತದೆ. ಆದರೆ ಏಳಲು ಕಾಲಿನಲ್ಲಿ ಬಲವಿರುವುದಿಲ್ಲ.

ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಮಾರ್ಗಸೂಚಿ 2011ರಿಂದಲೂ ಸೊಂಟದ ಮುರಿತದ ಬಗ್ಗೆ ಸ್ಪಷ್ಟವಾಗಿ ಹೇಳುತ್ತದೆ: ಸೇರಿದ ದಿನವೇ ಅಥವಾ ಮರುದಿನ ಶಸ್ತ್ರಚಿಕಿತ್ಸೆಯಾಗಬೇಕು, ತಕ್ಷಣ ಪೂರ್ತಿ ಭಾರ ಹೊರುವಂತೆಯೇ ಅದನ್ನು ಮಾಡಬೇಕು, ಶಸ್ತ್ರಚಿಕಿತ್ಸೆಯ ಮರುದಿನದಿಂದ ದಿನಕ್ಕೊಮ್ಮೆಯಾದರೂ ರೋಗಿಯನ್ನು ಎಬ್ಬಿಸಿ ನಡೆಸಬೇಕು. ಇದು ಪರದೇಶದ ಮಾತೆಂದು ತಳ್ಳಿಹಾಕಬೇಕಿಲ್ಲ. ತೆಲಂಗಾಣದ ಮಾಜಿ ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್ ಅವರು 2023ರ ಡಿಸೆಂಬರಿನಲ್ಲಿ ತಮ್ಮ ತೋಟದ ಮನೆಯಲ್ಲಿ ಬಿದ್ದು ಸೊಂಟ ಮುರಿದುಕೊಂಡಾಗ, ಕೀಲು ಬದಲಾವಣೆಯಾದ ಮರುದಿನವೇ ಅವರು ವಾಕರ್ ಹಿಡಿದು ಹೆಜ್ಜೆಯಿಟ್ಟ ದೃಶ್ಯವನ್ನು ಅನೇಕರು ದೂರದರ್ಶನದಲ್ಲಿ ಕಂಡಿದ್ದಾರೆ. ಮುಖಂಡರಿಗೆ ದೊರೆತ ಆ ಮರುದಿನದ ಹೆಜ್ಜೆ ನಮ್ಮ ಹಳ್ಳಿಯ ಅಜ್ಜಿಗೂ ದೊರೆಯಬೇಕಾದದ್ದೇ. ಅದಕ್ಕೆ ದೊಡ್ಡ ಯಂತ್ರವೇನೂ ಬೇಡ. ಒಂದು ವಾಕರ್, ಪಕ್ಕದಲ್ಲಿ ಇಬ್ಬರು, ಧೈರ್ಯದ ಎರಡು ಮಾತು ಸಾಕು.

"ಕಾಲಿಗೆ ಭಾರ ಬೀಳದಿರಲಿ" ಎಂದು ಮಲಗಿಸಿದ ಮಾತ್ರಕ್ಕೆ ಭಾರ ತಪ್ಪುವುದೂ ಇಲ್ಲ. ನಡೆಯುವಾಗ ಸೊಂಟದ ಕೀಲಿನ ಮೇಲೆ ಬೀಳುವ ಒತ್ತಡ ದೇಹದ ತೂಕದ ಸುಮಾರು ಎರಡೂವರೆ ಪಟ್ಟು. ಆ ಒತ್ತಡದ ದೊಡ್ಡ ಪಾಲು ಮಾಂಸಖಂಡಗಳ ಸೆಳೆತದ್ದು. ಮಂಚದಲ್ಲಿ ಮಲಗಿ, ಮಲಪಾತ್ರೆ ಇಡಿಸಿಕೊಳ್ಳಲು ಸೊಂಟವನ್ನು ಮೇಲೆತ್ತಿದಾಗಲೂ ಆ ಸೆಳೆತ ಗಣನೀಯವಾಗಿಯೇ ಇರುತ್ತದೆ. ಕಾಲನ್ನು ಗಾಳಿಯಲ್ಲಿ ಎತ್ತಿ ಹಿಡಿದು ಕುಪ್ಪಳಿಸುವುದಕ್ಕಿಂತ, ಪಾದವನ್ನು ಮೆಲ್ಲಗೆ ನೆಲಕ್ಕೆ ತಾಗಿಸಿಕೊಂಡು ನಡೆಯುವುದೇ ಸೊಂಟದ ಕೀಲಿಗೆ ಹಗುರ. ಮಲಗುವುದೇ ಸುರಕ್ಷಿತವೆಂಬ ನಂಬಿಕೆ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಅವಸರದ ಬೆಲೆ

ಇನ್ನೊಂದು ಕಡೆ ದುಡಿಯುವವರ ಸಂಕಟವಿದೆ. ಕೊನೆ ಕೊಯ್ಯುವವನು, ರಬ್ಬರ್ ಹಾಲು ತೆಗೆಯುವವನು, ಗಾರೆ ಕೆಲಸದವನು ಮನೆಯಲ್ಲಿ ಕುಳಿತರೆ ಒಲೆ ಉರಿಯುವುದು ಹೇಗೆ? ಕಾಯಕವನ್ನೇ ಬದುಕೆಂದು ನಂಬಿದವನಿಗೆ ಮಂಚ ಸೆರೆಮನೆಯಾಗುತ್ತದೆ. ನೋವು ಕಡಿಮೆಯಾದುದನ್ನೇ ಎಲುಬು ಕೂಡಿದ ಗುರುತೆಂದು ಅವನು ತಿಳಿಯುತ್ತಾನೆ. ಲೋಹವು ಮುರಿತವನ್ನು ಅಲುಗದಂತೆ ಹಿಡಿದಿರುವುದರಿಂದ ನೋವು ಬೇಗ ಇಳಿಯುತ್ತದೆ. ಬೆಸುಗೆಯ ಕೆಲಸ ಆಗಷ್ಟೇ ಆರಂಭವಾಗಿರುತ್ತದೆ.

ಇಲ್ಲಿ ಒಂದು ಭೇದವನ್ನು ಮನಗಾಣಬೇಕು. ಕಾಲೂರಲು ಅನುಮತಿ ದೊರೆತದ್ದು ಮನೆಯೊಳಗೆ, ಅಂಗಳದಲ್ಲಿ ನಡೆಯುವುದಕ್ಕೆ. ಮರವೇರುವುದು, ಅಡಿಕೆ ಮೂಟೆ ಹೊರುವುದು, ಇಳಿಜಾರಿನ ತೋಟದಲ್ಲಿ ಹುಲ್ಲಿನ ಹೊರೆ ಹೊತ್ತು ಇಳಿಯುವುದು, ಬೈಕ್ ಒದ್ದು ಚಾಲು ಮಾಡುವುದು ಇವೆಲ್ಲ ಬೇರೆಯೇ ಮಟ್ಟದ ಭಾರಗಳು. ಎಕ್ಸ್‌ರೇಯಲ್ಲಿ ಬೆಸುಗೆ ಕಂಡು, ವೈದ್ಯರು ಒಪ್ಪಿದ ಮೇಲೆಯೇ ಅವು ಸಲ್ಲುತ್ತವೆ. ಅವಸರದಲ್ಲಿ ಸರಳು ಬಾಗಿದರೆ, ಸ್ಕ್ರೂ ಕಿತ್ತು ಬಂದರೆ ಎರಡನೆಯ ಶಸ್ತ್ರಚಿಕಿತ್ಸೆ ಮೊದಲನೆಯದಕ್ಕಿಂತ ಕಠಿಣ. ಕೆಲವೊಮ್ಮೆ ಸೊಂಟದಿಂದ ಎಲುಬಿನ ಚೂರು ತೆಗೆದು ಅಲ್ಲಿ ತುಂಬಬೇಕಾಗುತ್ತದೆ. ಎರಡು ತಿಂಗಳ ದುಡಿಮೆ ಉಳಿಸಲು ಹೋಗಿ ಒಂದು ವರ್ಷದ ದುಡಿಮೆ ಕಳೆದುಕೊಂಡಂತಾಗುತ್ತದೆ.

ಬೀಡಿ ಸಿಗರೇಟಿನ ಚಟವುಳ್ಳವರಲ್ಲಿ ಎಲುಬು ತಡವಾಗಿ ಕೂಡುತ್ತದೆ, ಕೂಡದೆ ಉಳಿಯುವ ಸಂಭವವೂ ಹೆಚ್ಚೆಂಬುದು ವೈದ್ಯಲೋಕದಲ್ಲಿ ಸ್ಥಿರಪಟ್ಟ ಸಂಗತಿ. ಕಾಲು ಮುರಿದ ದಿನವೇ ಹೊಗೆಯನ್ನು ಬಿಡುವುದು ಯಾವ ಟಾನಿಕ್ಕಿಗಿಂತಲೂ ಮಿಗಿಲಾದ ಮದ್ದು. ಸಕ್ಕರೆ ಕಾಯಿಲೆಯವರು ಸಕ್ಕರೆಯನ್ನು ಹತೋಟಿಯಲ್ಲಿಡಬೇಕು. ಶಾಕಾಹಾರಿಗಳಾದ ನಮ್ಮ ಮನೆಗಳಲ್ಲಿ ಎಲುಬಿಗೆ ಬೇಕಾದುದು ದೊರೆಯದೆಂಬ ಅಳುಕು ಬೇಡ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಹಾಲು, ಮೊಸರು, ಎಳ್ಳು, ಬೇಳೆಕಾಳು, ಸೊಪ್ಪು ಇವು ದಿನದ ಊಟದಲ್ಲಿರಲಿ. ಮಳೆಗಾಲದ ತಿಂಗಳುಗಳಲ್ಲಿ ಬಿಸಿಲು ಕಾಣದ ಮಲೆನಾಡು ಕರಾವಳಿಯ ಮನೆಗಳಲ್ಲಿ, ಅದರಲ್ಲೂ ಹೊರಗೆ ಬಾರದ ವೃದ್ಧರಲ್ಲಿ, ವಿಟಮಿನ್ ಡಿ ಕೊರತೆಯಿದೆಯೇ ಎಂದು ವೈದ್ಯರನ್ನು ಕೇಳುವುದು ಒಳಿತು.

ಕಟ್ಟು ಹಾಕುವ ನಾಟಿ ಪದ್ಧತಿಯ ಬಗೆಗೂ ಒಂದು ಮಾತು. ನಾಡಿನ ಅನೇಕ ಪೇಟೆಗಳಲ್ಲಿ ಕಾಣುವ 'ಪುತ್ತೂರು ಕಟ್ಟು' ಎಂಬ ಫಲಕದ ಪುತ್ತೂರು ನಮ್ಮ ದಕ್ಷಿಣ ಕನ್ನಡದ್ದಲ್ಲ. ಆಂಧ್ರಪ್ರದೇಶದಲ್ಲಿ ತಿರುಪತಿಯ ಸಮೀಪದ್ದು. ಆ ಪದ್ಧತಿಯ ಗುಣದೋಷ ಇಲ್ಲಿಯ ಚರ್ಚೆಯಲ್ಲ. ಆದರೆ ಒಳಗೆ ಲೋಹವಿರುವ ಕಾಲಿಗೆ ಬಿಗಿಯಾದ ಕಟ್ಟು ಹಾಕಿಸುವುದು, ಊದಿದ ಮೀನಖಂಡವನ್ನು ಎಣ್ಣೆ ಹಚ್ಚಿ ಬಲವಾಗಿ ತಿಕ್ಕಿಸುವುದು ಅಪಾಯಕರ. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ತಿಕ್ಕುವಿಕೆಯಿಂದ ಅದು ಕದಲಿ ಮೇಲಕ್ಕೆ ಹೋದೀತು.

'ಸ್ವಲ್ಪ ಭಾರ' ಎಂದರೆ ಎಷ್ಟು?

"ಸ್ವಲ್ಪ ಸ್ವಲ್ಪ ಭಾರ ಹಾಕಿ" ಎಂಬ ಸೂಚನೆಯನ್ನು ಕೇಳಿಕೊಂಡು ಬಂದವರಲ್ಲಿ ಬಹುಮಂದಿಗೆ ಆ 'ಸ್ವಲ್ಪ' ತಿಳಿದಿರುವುದಿಲ್ಲ. ವೈದ್ಯರ ಭಾಷೆಯಲ್ಲಿ ಅದಕ್ಕೆ ಮೆಟ್ಟಿಲುಗಳಿವೆ. ಕಾಲನ್ನು ನೆಲಕ್ಕೆ ತಾಗಿಸಲೇಬಾರದೆಂಬುದು ಮೊದಲನೆಯದು. ಸಮತೋಲಕ್ಕಾಗಿ ಬೆರಳುಗಳನ್ನು ಮಾತ್ರ ತಾಗಿಸಬಹುದೆಂಬುದು ಎರಡನೆಯದು. ಪಾದದಡಿ ಮೊಟ್ಟೆಯಿದ್ದರೂ ಒಡೆಯದಷ್ಟು ಹಗುರವಾಗಿ. ದೇಹದ ತೂಕದ ಇಷ್ಟು ಪಾಲು ಎಂಬುದು ಮೂರನೆಯದು. ನೋವು ತಾಳುವಷ್ಟು ಎಂಬುದು ನಾಲ್ಕನೆಯದು. ಪೂರ್ತಿ ಭಾರ ಐದನೆಯದು. ತಾವು ಯಾವ ಮೆಟ್ಟಿಲಿನಲ್ಲಿದ್ದೇವೆ, ಮುಂದಿನದಕ್ಕೆ ಏರುವುದು ಎಂದು, ಎಂಬುದನ್ನು ರೋಗಿ ಕೇಳಿ ತಿಳಿಯಬೇಕು.

ಮೂರನೆಯ ಮೆಟ್ಟಿಲಿಗೆ ಒಂದು ಸುಲಭ ಉಪಾಯವುಂಟು. ಅರುವತ್ತು ಕಿಲೋ ತೂಕದವರಿಗೆ ಮೂರನೆಯ ಒಂದು ಪಾಲು ಎಂದು ಹೇಳಿದ್ದರೆ ಅದು ಇಪ್ಪತ್ತು ಕಿಲೋ. ತೂಕದ ಯಂತ್ರದ ಮೇಲೆ ಶಸ್ತ್ರಚಿಕಿತ್ಸೆಯಾದ ಕಾಲನ್ನಿಟ್ಟು, ಅದೇ ಎತ್ತರದ ಮಣೆಯ ಮೇಲೆ ಇನ್ನೊಂದು ಕಾಲನ್ನಿಟ್ಟು, ಎರಡೂ ಕೈಯಿಂದ ವಾಕರ್ ಹಿಡಿದು, ಮುಳ್ಳು ಇಪ್ಪತ್ತಕ್ಕೆ ಬರುವವರೆಗೆ ಮೆಲ್ಲನೆ ಒತ್ತಬೇಕು. ಹೀಗೆ ದಿನಕ್ಕೆ ಕೆಲವು ಬಾರಿ ಮಾಡಿದರೆ ಆ ಭಾರದ ಅಂದಾಜು ಕಾಲಿಗೆ ಬರುತ್ತದೆ. ಆದರೆ ವೃದ್ಧರಿಗೆ ಈ ಲೆಕ್ಕವನ್ನು ನಡಿಗೆಯಲ್ಲಿ ಕಾಯ್ದುಕೊಳ್ಳುವುದು ಕಷ್ಟಸಾಧ್ಯ. ಅರ್ಧ ಭಾರವೆಂದು ಹೇಳಿದರೆ ಅವರು ಒಂದೋ ಪೂರ್ತಿ ಹಾಕುತ್ತಾರೆ, ಇಲ್ಲವೇ ಏಳುವುದನ್ನೇ ಬಿಡುತ್ತಾರೆ. ಸೊಂಟ ಮುರಿದ ವೃದ್ಧರಿಗೆ ಪೂರ್ತಿ ಭಾರ ತಾಳುವಂಥ ಶಸ್ತ್ರಚಿಕಿತ್ಸೆಯನ್ನೇ ಆರಿಸಬೇಕೆಂಬುದಕ್ಕೆ ಇದೂ ಒಂದು ಕಾರಣ.

ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ನೋವಿನ ಕಾಲು ಮುಂದೆ ಎಂಬುದನ್ನು ನೆನಪಿಡಬೇಕು. ಒಂದೇ ಊರುಗೋಲು ಹಿಡಿಯುವ ಹಂತ ಬಂದಾಗ ಅದು ನೋವಿನ ಕಾಲಿನ ಕಡೆಗಲ್ಲ, ಎದುರು ಕೈಯಲ್ಲಿರಬೇಕು. ಕಾಲೂರಲು ಅನುಮತಿಯಿಲ್ಲದ ದಿನಗಳಲ್ಲಿಯೂ ಪಾದವನ್ನು ಮೇಲೆ ಕೆಳಗೆ ಆಡಿಸುವುದು, ತೊಡೆಯ ಸ್ನಾಯುಗಳನ್ನು ಬಿಗಿಹಿಡಿದು ಬಿಡುವುದು ಮುಂತಾದ ವ್ಯಾಯಾಮಗಳನ್ನು ವೈದ್ಯರು ಹೇಳಿದಂತೆ ಮಾಡುತ್ತಿರಬೇಕು. ಕಾಲೂರಬಾರದೆಂದರೆ ಮಂಚ ಬಿಟ್ಟು ಏಳಬಾರದೆಂದು ಅರ್ಥವಲ್ಲ. ಕುರ್ಚಿಯಲ್ಲಿ ಕೂರಬಹುದು, ಒಳ್ಳೆಯ ಕಾಲಿನ ಮೇಲೆ ವಾಕರ್ ಹಿಡಿದು ಚಲಿಸಬಹುದು.

ಮನೆಯೂ ಸಿದ್ಧವಾಗಬೇಕು

ಗುಡ್ಡದ ಮನೆಗಳ ಕಷ್ಟ ಆಸ್ಪತ್ರೆಯ ನುಣುಪಾದ ನೆಲದ ಮೇಲೆ ನಿಂತು ನೋಡಿದರೆ ಕಾಣುವುದಿಲ್ಲ. ರಸ್ತೆಯಿಂದ ಅಂಗಳಕ್ಕೆ ಮೂವತ್ತು ಮೆಟ್ಟಿಲು, ಶೌಚಾಲಯ ಮನೆಯ ಹೊರಗೆ, ಅಂಗಳದಲ್ಲಿ ಪಾಚಿ. ಇಂಥ ಮನೆಯ ರೋಗಿಗೆ "ನಡೆಯಿರಿ" ಎಂದಷ್ಟೇ ಹೇಳಿದರೆ ಅರ್ಧ ಮಾತು ಹೇಳಿದಂತೆ. ರೋಗಿ ಮನೆಗೆ ಬರುವ ಮುನ್ನವೇ ಅಂಗಳದ ಪಾಚಿ ತಿಕ್ಕಿಸಿ ತೆಗೆಯಬೇಕು. ಮಂಚವನ್ನು ಶೌಚಾಲಯಕ್ಕೆ ಹತ್ತಿರದ ಕೋಣೆಗೆ ತರಬೇಕು. ತುಳಿದರೆ ಮಡಚಿಕೊಳ್ಳುವ ಗೋಣಿತಾಟು, ಚಾಪೆಗಳನ್ನು ದಾರಿಯಿಂದ ತೆಗೆಯಬೇಕು. ಕುಕ್ಕರಗಾಲಿನಲ್ಲಿ ಕೂರುವ ಶೌಚಾಲಯವಿದ್ದರೆ ಕಮೋಡ್ ಕುರ್ಚಿ ತರಬೇಕು. ರಾತ್ರಿ ದೀಪವಿರಬೇಕು. ವಾಕರಿನ ಕಾಲುಗಳ ರಬ್ಬರ್ ಬುಡ ಸವೆದಿದ್ದರೆ ಬದಲಿಸಬೇಕು. ಒದ್ದೆ ನೆಲದ ಮೇಲೆ ಸವೆದ ಬುಡವೇ ಎರಡನೆಯ ಬೀಳುವಿಕೆಗೆ ಕಾರಣವಾಗುತ್ತದೆ.

ಪೂಜಾನಿಷ್ಠರಾದ ಹಿರಿಯರಿಗೆ ಇನ್ನೊಂದು ಮಾತು. ಕಾಲೂರಿ ನಡೆಯಲು ಅನುಮತಿಯಿದ್ದರೂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲು ಅನುಮತಿ ಇಲ್ಲದಿರಬಹುದು. ಇವೆರಡೂ ಬೇರೆ ಬೇರೆ. ಕೃತಕ ಸೊಂಟದ ಕೀಲು ಹಾಕಿಸಿಕೊಂಡವರು ಹಾಗೆ ಕೂತರೆ ಕೀಲು ಜಾರುವ ಭಯವುಂಟು. ವೈದ್ಯರು ಒಪ್ಪುವವರೆಗೆ ಎತ್ತರದ ಕುರ್ಚಿಯಲ್ಲಿ ನೆಟ್ಟಗೆ ಕುಳಿತು ಇಷ್ಟಲಿಂಗ ಪೂಜೆ ಮಾಡಿಕೊಳ್ಳಬಹುದು. ಆಸನ ಬದಲಾದರೆ ನಿಷ್ಠೆಗೆ ಕುಂದಿಲ್ಲ.

ಮೀನಖಂಡ ಒಮ್ಮೆಲೇ ಊದಿ ನೋಯುವುದು, ಉಸಿರು ಕಟ್ಟುವುದು ಅಥವಾ ಎದೆ ನೋವು, ಗಾಯದಲ್ಲಿ ಕೀವು, ಜ್ವರ, ದಿನದಿಂದ ದಿನಕ್ಕೆ ಏರುವ ನೋವು, ನಡೆಯುವಾಗ 'ಟಕ್' ಎಂಬ ಸದ್ದಾಗಿ ಕಾಲು ಸೊಟ್ಟಗಾಗುವುದು ಇವುಗಳಲ್ಲಿ ಯಾವುದೇ ಕಂಡರೂ ಮುಂದಿನ ಭೇಟಿಯ ದಿನದವರೆಗೆ ಕಾಯಬಾರದು. ಉಸಿರಾಟದ ತೊಂದರೆಯಾದರೆ ಕೂಡಲೇ 108ಕ್ಕೆ ಕರೆ ಮಾಡಬೇಕು. ಮೊದಲ ದಿನಗಳ ನಡಿಗೆಯಲ್ಲಿ ತುಸು ನೋವು, ಸಂಜೆಗೆ ತುಸು ಊತ ಸಹಜ. ಕಾಲನ್ನು ಎತ್ತರಿಸಿಟ್ಟು ವಿಶ್ರಮಿಸಿದರೆ ಅದು ಇಳಿಯುತ್ತದೆ.

ಆಗಬೇಕಾದುದೇನು?

"ಮೂರು ತಿಂಗಳು ಕಾಲೂರಬೇಡಿ" ಎಂದು ಎಲ್ಲರಿಗೂ ಒಂದೇ ಸೂಚನೆ ಕೊಡುವುದರಲ್ಲಿ ವೈದ್ಯರಿಗೊಂದು ನೆಮ್ಮದಿಯಿದೆ. ಜೋಡಣೆ ಕಿತ್ತುಬಂದರೆ ದೂರು ಬರುತ್ತದೆ; ಮಂಚದಲ್ಲಿ ಸೊರಗಿ ತೀರಿಕೊಂಡ ವೃದ್ಧರ ಬಗ್ಗೆ "ವಯಸ್ಸಾಗಿತ್ತು" ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಪ್ರತಿಯೊಬ್ಬರಿಗೂ ವಿವರಿಸಲು ಸಮಯ ಸಾಲದೆಂಬುದೂ ನಿಜ. ಆದರೂ ಬಿಡುಗಡೆಯ ಚೀಟಿಯಲ್ಲಿ ಮೂರು ಸಾಲು ಬರೆಯಲು ಹೆಚ್ಚು ಹೊತ್ತು ಬೇಡ: ಇಂದು ಎಷ್ಟು ಭಾರ ಹಾಕಬಹುದು, ಮುಂದಿನ ಎಕ್ಸ್‌ರೇ ಎಂದು, ಯಾವ ಕೆಲಸ ಎಂದಿನವರೆಗೆ ಬೇಡ. ಅದು ಕನ್ನಡದಲ್ಲಿರಲಿ. ತುಳುವೋ ಅರೆಭಾಷೆಯೋ ಮನೆಮಾತಾದವರಿಗೆ ಆ ಮಾತಿನಲ್ಲಿಯೇ ಒಮ್ಮೆ ಹೇಳುವ ದಾದಿಯಿದ್ದರೆ ಇನ್ನೂ ಲೇಸು. ಬರೆದುಕೊಡದಿದ್ದರೆ ಮನೆಯವರು ವಿನಯದಿಂದಲೇ ಕೇಳಿ ಬರೆಯಿಸಿಕೊಳ್ಳಬೇಕು. ಅದು ಅವಿಶ್ವಾಸವಲ್ಲ, ರೋಗಿಯ ಹಕ್ಕು.

ನಡೆಸುವ ಹೊಣೆ ಮನೆಯದು. ಹೆದರಿದ ಅಜ್ಜಿಯ ಕೈ ಹಿಡಿದು ಎಬ್ಬಿಸುವವರು, ಅವಸರಪಡುವ ಮಗನಿಗೆ ಎಕ್ಸ್‌ರೇ ಆಗುವವರೆಗೆ ತಡೆ ಎನ್ನುವವರು ಮನೆಯೊಳಗೇ ಇರಬೇಕು.

ಮೂರನೆಯ ಹೊಣೆ ಸಮಾಜದ್ದು. ವಾಕರ್, ಕಂಕುಳ ಊರುಗೋಲು, ಕಮೋಡ್ ಕುರ್ಚಿ ಇವು ಒಬ್ಬರಿಗೆ ಎರಡು ಮೂರು ತಿಂಗಳು ಬೇಕಾಗುವ ವಸ್ತುಗಳು. ಆಮೇಲೆ ಅಟ್ಟದಲ್ಲಿ ಧೂಳು ಹಿಡಿಯುತ್ತವೆ. ಅದೇ ಹೊತ್ತಿಗೆ ಮೂರು ಮನೆಯಾಚೆ ಇನ್ನೊಬ್ಬರು ಅದಿಲ್ಲದೆ ಮಂಚ ಹಿಡಿದಿರುತ್ತಾರೆ. ಊರೂರಿನ ಭಕ್ತಮಂಡಳಿಗಳು ಇಂಥ ಸಲಕರಣೆಗಳನ್ನು ಕೂಡಿಟ್ಟು, ತೊಳೆದು, ರಬ್ಬರ್ ಬುಡ ಬದಲಿಸಿ, ಜಾತಿಮತವೆಣಿಸದೆ ಎರವಲು ಕೊಡುವ ಏರ್ಪಾಡು ಮಾಡಿದರೆ ಅದೂ ಒಂದು ದಾಸೋಹವೇ. ಹಸಿದವನಿಗೆ ಅನ್ನ ಹೇಗೋ, ಬಿದ್ದವನಿಗೆ ಊರುಗೋಲು ಹಾಗೆ. ಅಟ್ಟದಲ್ಲಿ ಇಂಥದೊಂದು ವಾಕರ್ ಇರುವ ಮನೆಯವರು ಈ ತಿಂಗಳೇ ಅದನ್ನು ಕೆಳಗಿಳಿಸಲಿ.